ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಡೆಬಿಯನ್‌ಗೆ ಪ್ಯಾಕೇಜ್ ಮಾಡುವುದು ಹೇಗೆ

ಲಿನಕ್ಸ್ ವಿತರಣೆಯಾದ ಡೆಬಿಯನ್‌ಗೆ ಭಾಷೆಯೊಂದರ ಪ್ಯಾಕೇಜ್ ಕಟ್ಟುತ್ತಿದ್ದೆ, ಬಿಲ್ಡ್ ತಕರಾರಿಲ್ಲದೆ ಮುಗಿದಿತ್ತು. ಪ್ಯಾಕೇಜಿನ ತಪ್ಪು ಹುಡುಕುವ ಲಿಂಟಿಯನ್ ಕೂಡ ಬಾಯಿ ಬಿಡಲಿಲ್ಲ. ಪ್ಯಾಕೇಜನ್ನು ಇನ್‌ಸ್ಟಾಲ್ ಮಾಡಿ, ಭಾಷೆಯ ಹೆಸರು ಟೈಪಿಸಿ ಎಂಟರ್ ಒತ್ತಿದೆ. ಬೈಟ್‌ಕೋಡ್ (ಭಾಷೆ ಓದಿ ನಡೆಸುವ, ಕಂಪೈಲಾದ ಕೋಡ್) ಸಿಗಲಿಲ್ಲ ಎಂಬ ಒಂದೇ ಸಾಲು ಬಂತು, ಪ್ರಾಂಪ್ಟ್ ಮರಳಿ ಕಣ್ಣು ಮಿಟುಕಿಸಿತು. ಅದೇ ಬೈನರಿ ಬಿಲ್ಡ್ ಡೈರೆಕ್ಟರಿಯೊಳಗೆ ಚೆನ್ನಾಗಿ ಓಡುತ್ತಿತ್ತು. ಎರಡರ ಗಾತ್ರ ಹೋಲಿಸಿ ನೋಡಿದಾಗ ಗೊತ್ತಾಯಿತು, ಪ್ಯಾಕೇಜಿನೊಳಗೆ ಹೋದದ್ದು ಬರೀ ಚಿಪ್ಪು. ಡೆಬಿಯನ್‌ನ ಬಿಲ್ಡ್ ಸಲಕರಣೆಗಳು ಪ್ರತಿ ಬೈನರಿಯಿಂದ ಡೀಬಗ್ ಮಾಹಿತಿ ಕಿತ್ತು ಬೇರೆ ಪ್ಯಾಕೇಜಿಗೆ ಹಾಕುತ್ತವೆ. ಆ ಕೆಲಸಕ್ಕೆ ನಿಂತ ಸ್ಟ್ರಿಪ್ ಎಂಬ ಸಲಕರಣೆಯ ಕಣ್ಣಿಗೆ ಬೈನರಿಯ ಬಾಲಕ್ಕೆ ಅಂಟಿಸಿದ್ದ ಬೈಟ್‌ಕೋಡ್ ಕೂಡ ಕಸವಾಗಿಯೇ ಕಂಡಿತ್ತು.

ಸಾಮಾನ್ಯ ತಂತ್ರಾಂಶ ಪ್ಯಾಕೇಜ್ ಮಾಡಿ ಪಳಗಿದ ಕೈಗೂ ಭಾಷೆಗಳು ಇಂಥ ಏಟು ಕೊಡುತ್ತವೆ. ಸಲಕರಣೆಗಳೆಲ್ಲ ಬೆಳೆದದ್ದು ಸಿ ಪ್ರೋಗ್ರಾಮುಗಳ ಸಹವಾಸದಲ್ಲಿ ಎಂಬುದು ಒಂದು ಕಾರಣ. ಇನ್ನೊಂದು ಇದಕ್ಕಿಂತ ದೊಡ್ಡದು. ಟೆಕ್ಸ್ಟ್ ಎಡಿಟರ್ ಒಂದನ್ನು ಪ್ಯಾಕೇಜ್ ಮಾಡಿದರೆ ಅದರ ಮೇಲೆ ಬೇರೆಯವರ ಪ್ಯಾಕೇಜುಗಳು ಬಂದು ಕೂರುವುದು ಅಪರೂಪ. ಭಾಷೆಯ ವಿಷಯ ಹಾಗಲ್ಲ. ಲೈಬ್ರರಿಯನ್ನು ನೀವು ಇವತ್ತು ಯಾವ ಡೈರೆಕ್ಟರಿಗೆ ಹಾಕುತ್ತೀರೋ, ಆವೃತ್ತಿಯನ್ನು ಹೆಸರಿನಲ್ಲಿ ಹೇಗೆ ಬರೆಯುತ್ತೀರೋ, ಅದನ್ನೇ ನಂಬಿಕೊಂಡು ನಾಳೆ ಹತ್ತಾರು ಪ್ಯಾಕೇಜುಗಳು ಬರುತ್ತವೆ. ಆಮೇಲೆ ಬದಲಾಯಿಸಬೇಕೆಂದರೆ ಅವರೆಲ್ಲರ ಮನೆ ಬಾಗಿಲು ತಟ್ಟಬೇಕು. ಹಾಗಾಗಿ ತಿದ್ದಿಕೊಳ್ಳಬಹುದಾದ ಹಂತಗಳನ್ನು ಇಲ್ಲಿ ಬೇಗ ಬೇಗ ದಾಟುತ್ತೇನೆ, ತಿದ್ದಲು ಕಷ್ಟವಾದ ಕಡೆ ನಿಲ್ಲುತ್ತೇನೆ.

ಉದಾಹರಣೆಗೆ ಒಂದು ಕಾಲ್ಪನಿಕ ಭಾಷೆ ಇಟ್ಟುಕೊಳ್ಳೋಣ. ಹೆಸರು ಮಿಂಚು, ಆವೃತ್ತಿ 2.4.1. ಪ್ರೋಗ್ರಾಮುಗಳನ್ನು ಓಡಿಸುವ ಅದರ ರನ್‌ಟೈಮ್ ಸಿ ಭಾಷೆಯಲ್ಲಿದೆ, ಕಂಪೈಲರ್ ಮಾತ್ರ ಮಿಂಚಿನಲ್ಲೇ ಬರೆದದ್ದು. ಸಿ ಎಕ್ಸ್‌ಟೆನ್ಷನ್ ಬರೆಯುವವರಿಗೆ ಹೆಡರ್ ಫೈಲುಗಳಿವೆ, ಲೈಬ್ರರಿ ಇಳಿಸಿಕೊಳ್ಳಲು ತನ್ನದೇ ಇನ್‌ಸ್ಟಾಲರ್ ಇದೆ. ಕಮಾಂಡು ಮತ್ತು ಫೈಲುಗಳ ಹೆಸರನ್ನು ಬಾಯಲ್ಲಿ ಹೇಳುವಂತೆಯೇ ಬರೆದಿದ್ದೇನೆ.

ಕೀಲಿಮಣೆ ಮುಟ್ಟುವ ಮೊದಲು

ಈ ಕೆಲಸಕ್ಕೆ ಬೇರೆ ಯಾರಾದರೂ ಆಗಲೇ ಕೈ ಹಾಕಿದ್ದಾರೆಯೇ ನೋಡಿ. ಡೆಬಿಯನ್‌ನ ಬಗ್ ವ್ಯವಸ್ಥೆಯಲ್ಲಿ ಡಬ್ಲ್ಯುಎನ್‌ಪಿಪಿ ಎಂಬ ಹೆಸರಿನಡಿ ‘ನಾನು ಪ್ಯಾಕೇಜ್ ಮಾಡುತ್ತೇನೆ’ ಎಂಬ ಘೋಷಣೆಗಳೂ ‘ಯಾರಾದರೂ ಮಾಡಿಕೊಡಿ’ ಎಂಬ ಕೋರಿಕೆಗಳೂ ಕೈಬಿಟ್ಟ ಪ್ಯಾಕೇಜುಗಳ ಪಟ್ಟಿಯೂ ಇರುತ್ತವೆ. ಯಾರೂ ಹಿಡಿದಿಲ್ಲದಿದ್ದರೆ ರಿಪೋರ್ಟ್‌ಬಗ್ ಮೂಲಕ ನೀವೇ ಅಂಥ ಒಂದು ಘೋಷಣೆ, ಅಂದರೆ ಐಟಿಪಿ, ಹಾಕಿ. ಆ ಬಗ್ ಸಂಖ್ಯೆಯನ್ನು ಚೇಂಜ್‌ಲಾಗ್‌ನ ಮೊದಲ ನಮೂದಿನಲ್ಲಿ ‘ಕ್ಲೋಸಸ್’ ಎಂದು ಸೇರಿಸಿದರೆ ಪ್ಯಾಕೇಜ್ ಭಂಡಾರ ಸೇರಿದಾಗ ಬಗ್ ತಾನಾಗಿ ಮುಚ್ಚಿಕೊಳ್ಳುತ್ತದೆ.

ಆಮೇಲೆ ಹೆಸರಿನ ವಿಚಾರ. ಬೇರೆ ಬೇರೆ ಕೆಲಸ ಮಾಡುವ ಎರಡು ಪ್ರೋಗ್ರಾಮುಗಳು ಒಂದೇ ಕಮಾಂಡ್ ಹೆಸರಿನಲ್ಲಿ ಇರಕೂಡದು ಎಂದು ಡೆಬಿಯನ್ ನೀತಿ ಹೇಳುತ್ತದೆ. ಇದು ಬರೀ ಕಾಗದದ ಮೇಲಿನ ನಿಯಮವಲ್ಲ. ನೋಡ್‌ಜೆಎಸ್ ಬಂದಾಗ ‘ನೋಡ್’ ಎಂಬ ಹೆಸರನ್ನು ಹವ್ಯಾಸಿ ರೇಡಿಯೋದವರ ಪ್ರೋಗ್ರಾಂ ಒಂದು ಮೊದಲೇ ಹಿಡಿದಿತ್ತು. ಜಗಳ ತಾಂತ್ರಿಕ ಸಮಿತಿಯವರೆಗೆ ಹೋಗಿ 2012ರಲ್ಲಿ ತೀರ್ಮಾನವಾಯಿತು. ಕೆಲವು ವರ್ಷ ಡೆಬಿಯನ್‌ನಲ್ಲಿ ಆ ಕಮಾಂಡಿನ ಹೆಸರು ‘ನೋಡ್‌ಜೆಎಸ್’ ಎಂದೇ ಇತ್ತು. ಹೊರಗಿನ ಸ್ಕ್ರಿಪ್ಟುಗಳ ಮೊದಲ ಸಾಲಿನಲ್ಲಿ ಮಾತ್ರ ‘ನೋಡ್’. ಬಳಕೆದಾರರು ಪಟ್ಟ ಪಾಡು ಸಣ್ಣದಲ್ಲ. ನಿಮ್ಮ ಭಾಷೆಯ ಕಮಾಂಡುಗಳನ್ನೆಲ್ಲ ಪಟ್ಟಿ ಮಾಡಿ, ಯಾವ ಫೈಲ್ ಯಾವ ಪ್ಯಾಕೇಜಿನಲ್ಲಿದೆ ಎಂದು ಹೇಳುವ ಆಪ್ಟ್-ಫೈಲ್‌ನಲ್ಲಿ ಒಂದೊಂದನ್ನೂ ಹುಡುಕಿ. ಮುಖ್ಯ ಕಮಾಂಡಿಗೆ ವಿಶಿಷ್ಟ ಹೆಸರಿಟ್ಟವರೂ ಫಾರ್ಮ್ಯಾಟರ್‌ಗೆ ಎರಡಕ್ಷರದ ಹೆಸರಿಟ್ಟಿರುತ್ತಾರೆ, ಡಿಕ್ಕಿ ಹೊಡೆಯುವುದು ಅಲ್ಲೇ. ಹೆಸರು ಬದಲಿಸಬೇಕಾಗಿ ಬಂದರೆ ನೀವೊಬ್ಬರೇ ತೀರ್ಮಾನಿಸಬೇಡಿ, ಭಾಷೆಯ ಮೂಲ ಅಭಿವೃದ್ಧಿಕಾರರ ಜೊತೆ ಮಾತಾಡಿ. ಡೆಬಿಯನ್‌ನಲ್ಲಿ ಒಂದು ಹೆಸರು, ಬೇರೆಡೆ ಇನ್ನೊಂದು ಎಂದಾದರೆ ಯಾರಿಗೂ ಸುಖವಿಲ್ಲ.

ಟಾರ್‌ಬಾಲ್ ಬಿಚ್ಚಿ ಕೂತು ಓದಿ

ಬಿಲ್ಡ್ ಮಾಡಲು ಅವಸರ ಬೇಡ. ಸೋರ್ಸ್ ಎಂದು ಕೊಟ್ಟಿರುವ ಫೈಲುಗಳ ಕಟ್ಟಾದ ಟಾರ್‌ಬಾಲ್‌ನಲ್ಲಿ ಸೋರ್ಸ್ ಅಲ್ಲದ್ದು ಏನೇನಿದೆ ಹುಡುಕಿ. ಭಾಷೆಗಳ ಟಾರ್‌ಬಾಲ್‌ನಲ್ಲಿ ಮಾಮೂಲಾಗಿ ಸಿಗುವ ಗಿರಾಕಿಗಳು ಇವರು: ಜೊತೆಗೇ ತುರುಕಿದ ಲಿಬ್‌ಎಫ್‌ಎಫ್‌ಐ, ಜಿಎಂಪಿ, ಜಡ್‌ಲಿಬ್, ಬಳಸಿ ಮುಗಿದ ಮೆಮೊರಿಯನ್ನು ಮರಳಿ ಪಡೆಯುವ ಬೋಹೆಮ್ ಕಸಸಂಗ್ರಾಹಕದಂಥ ಲೈಬ್ರರಿಗಳು, ಬೈಸನ್ ಎಂಬ ಸಲಕರಣೆ ಹುಟ್ಟಿಸಿದ ಪಾರ್ಸರ್ ಫೈಲುಗಳು, ಬೇರೆ ಪರವಾನಗಿಯಲ್ಲಿರುವ ಕೈಪಿಡಿ, ಪರೀಕ್ಷೆಗೆಂದು ಎಲ್ಲಿಂದಲೋ ತಂದ ದತ್ತಾಂಶ, ಮತ್ತು ಬೂಟ್ ಎಂಬ ಡೈರೆಕ್ಟರಿಯಲ್ಲಿ ಕೂತ, ಯಾವ ಸೋರ್ಸಿನಿಂದ ಬಂತೆಂದು ತಿಳಿಯದ ಒಂದು ಬೈನರಿ. ಈ ಕೊನೆಯವನ ವಿಚಾರಣೆ ಮುಂದಿನ ಭಾಗದಲ್ಲಿ.

ಡೆಬಿಯನ್‌ನಲ್ಲಿ ಆಗಲೇ ಇರುವ ಲೈಬ್ರರಿಯ ನಕಲನ್ನು ಬಳಸಬೇಡಿ, ವ್ಯವಸ್ಥೆಯಲ್ಲಿರುವುದನ್ನೇ ಬಳಸುವಂತೆ ಕಾನ್ಫಿಗರ್ ಮಾಡಿ. ಜಡ್‌ಲಿಬ್‌ನಲ್ಲಿ ಭದ್ರತಾ ದೋಷ ಸಿಕ್ಕ ದಿನ ಒಂದು ಪ್ಯಾಕೇಜ್ ತಿದ್ದಿದರೆ ಸಾಕಾಗಬೇಕು. ಆದರೆ ಕಸಸಂಗ್ರಾಹಕವನ್ನು ಭಾಷೆಯವರು ತಮಗೆ ಬೇಕಾದಂತೆ ತಿದ್ದಿಕೊಂಡಿದ್ದರೆ ಹಟ ಹಿಡಿಯಬೇಡಿ. ಅದು ಈಗ ನಕಲಲ್ಲ, ರನ್‌ಟೈಮಿನ ಅಂಗ. ಕಾಪಿರೈಟ್ ಫೈಲಿನಲ್ಲಿ ಸರಿಯಾಗಿ ದಾಖಲಿಸಿ ಮುಂದೆ ಹೋಗಿ.

ತೆಗೆಯಲೇಬೇಕಾದ್ದನ್ನು ಕಾಪಿರೈಟ್ ಫೈಲಿನ ‘ಫೈಲ್ಸ್-ಎಕ್ಸ್‌ಕ್ಲೂಡೆಡ್’ ಎಂಬ ಸಾಲಿನಲ್ಲಿ ಬರೆದರೆ ಯುಸ್ಕ್ಯಾನ್ ಹೊಸ ಟಾರ್‌ಬಾಲ್ ಇಳಿಸುವಾಗಲೇ ಅವನ್ನು ಕಿತ್ತು ಮತ್ತೆ ಕಟ್ಟುತ್ತದೆ. ಹಾಗೆ ಕಟ್ಟಿದ ಆವೃತ್ತಿಗೆ ಬಾಲ ಸೇರಿಸುವುದು ರೂಢಿ. ಪರವಾನಗಿಯ ಕಾರಣಕ್ಕಾದರೆ 2.4.1+ಡಿಎಫ್‌ಎಸ್‌ಜಿ (ಡೆಬಿಯನ್‌ನ ಮುಕ್ತ ತಂತ್ರಾಂಶ ಮಾರ್ಗಸೂಚಿಯ ಚಿಕ್ಕ ಹೆಸರು), ಬೇರೆ ಕಾರಣಕ್ಕಾದರೆ 2.4.1+ಡಿಎಸ್. ಕಾಪಿರೈಟ್ ಫೈಲ್ ಬರೆಯುವುದು ಬೇಸರದ ಕೆಲಸ. ಲೈಸೆನ್ಸ್‌ಚೆಕ್ ಓಡಿಸಿದರೆ ಅರ್ಧ ಭಾರ ಇಳಿಯುತ್ತದೆ, ಉಳಿದರ್ಧ ಕಣ್ಣಲ್ಲೇ ಓದಬೇಕು. ಪ್ಯಾಕೇಜ್ ಮೊದಲ ಸಲ ತಿರಸ್ಕೃತವಾಗುವುದು ಹೆಚ್ಚಾಗಿ ಈ ಫೈಲಿನಿಂದಲೇ.

ಬೀಜ ಮೊದಲೋ ಮರ ಮೊದಲೋ

ಮಿಂಚಿನ ಕಂಪೈಲರನ್ನು ಕಂಪೈಲ್ ಮಾಡಲು ಮಿಂಚಿನ ಕಂಪೈಲರ್ ಬೇಕು. ಬೀಜವೃಕ್ಷ ನ್ಯಾಯದ ಈ ಗಂಟನ್ನು ಬಿಡಿಸುವುದಕ್ಕೆ ಬೂಟ್‌ಸ್ಟ್ರಾಪ್ ಎನ್ನುತ್ತಾರೆ. ಭಾಷೆ ಪ್ಯಾಕೇಜ್ ಮಾಡುವವರ ಸಮಯದ ಬಹುಪಾಲು ಹೋಗುವುದು ಇಲ್ಲಿಯೇ.

ಮೊದಲು ನಿಮ್ಮ ಭಾಷೆ ಯಾವ ಜಾತಿಯದು ಎಂದು ಗುರುತಿಸಿ. ಲುವಾ, ಸಿಪೈಥಾನ್‌ನಂಥವು ಸಿ ಯಲ್ಲಿ ಬರೆದವು, ಅವಕ್ಕೆ ಸಿ ಕಂಪೈಲರ್ ಇದ್ದರೆ ಆಯಿತು. ಚಿಕನ್ ಸ್ಕೀಮ್‌ನಂಥವು ತಮ್ಮ ಕಂಪೈಲರನ್ನು ಸಿ ಗೆ ಪರಿವರ್ತಿಸಿ, ಆ ಸಿ ಫೈಲುಗಳನ್ನು ಟಾರ್‌ಬಾಲ್‌ನಲ್ಲೇ ಕೊಡುತ್ತವೆ. ಓಕ್ಯಾಮಲ್ ತನ್ನ ಸೋರ್ಸಿನಲ್ಲಿ ಬೂಟ್ ಡೈರೆಕ್ಟರಿಯೊಳಗೆ ಬೈಟ್‌ಕೋಡ್ ರೂಪದ ಕಂಪೈಲರ್ ಇಟ್ಟುಕೊಂಡೇ ಬರುತ್ತದೆ. ಎಸ್‌ಬಿಸಿಎಲ್‌ಗೆ ಯಾವುದಾದರೂ ಕಾಮನ್ ಲಿಸ್ಪ್ ಇದ್ದರೆ ಸಾಕು, ಸಿಲಿಸ್ಪ್‌ನಿಂದಲೂ ಅದನ್ನು ಕಟ್ಟಬಹುದು. ರಸ್ಟ್‌ಗೆ ಅದರ ಹಿಂದಿನ ಆವೃತ್ತಿಯೇ ಬೇಕು, ಮೆಟ್ಟಿಲು ಹಾರಿ ಹತ್ತಲು ಬಿಡುವುದಿಲ್ಲ. ಗೋ 1.4ರವರೆಗೆ ಸಿ ಯಲ್ಲಿದ್ದ ಕಂಪೈಲರ್ 2015ರಲ್ಲಿ 1.5 ಬರುವಷ್ಟರಲ್ಲಿ ಗೋ ಭಾಷೆಗೇ ಬಂತು. ಈಗ ಗೋ 1.22 ಕಟ್ಟಲು 1.20 ಬೇಕು, 1.24 ಕಟ್ಟಲು 1.22 ಬೇಕು.

ಡೆಬಿಯನ್‌ನ ಕಟ್ಟಳೆ ಸರಳ, ಆದರೆ ಬಿಗಿ. ಮುಖ್ಯ ಭಂಡಾರದ ಪ್ಯಾಕೇಜ್ ಬಿಲ್ಡ್ ಆಗುವಾಗ ಹೊರಗಿನ ಜಾಲ ಮುಟ್ಟುವಂತಿಲ್ಲ, ಬೇಕಾದ್ದೆಲ್ಲ ಭಂಡಾರದಲ್ಲೇ ಇರಬೇಕು. ಅಂದರೆ ಭಾಷೆಯವರು ತಮ್ಮ ತಾಣದಲ್ಲಿಟ್ಟ ಬೈನರಿಯನ್ನು ಬಿಲ್ಡ್ ಸ್ಕ್ರಿಪ್ಟ್ ಇಳಿಸಿಕೊಳ್ಳುವ ದಾರಿ ಮುಚ್ಚಿದೆ. ಪ್ಯಾಕೇಜ್ ತನ್ನ ಮೇಲೆ ತಾನೇ ಅವಲಂಬಿಸಬಹುದು. ಮಿಂಚು ಕಟ್ಟಲು ಮಿಂಚು ಬೇಕು ಎಂದು ಬಿಲ್ಡ್ ಮಾಡಲು ಬೇಕಾದ ಪ್ಯಾಕೇಜುಗಳ ಪಟ್ಟಿಯಾದ ಬಿಲ್ಡ್-ಡಿಪೆಂಡ್ಸ್‌ನಲ್ಲಿ ಬರೆಯುವುದು ತಪ್ಪಲ್ಲ. ಮೊದಲ ಮಿಂಚು ಎಲ್ಲಿಂದ ಬರಬೇಕು ಎಂಬುದೇ ಉಳಿಯುವ ಪ್ರಶ್ನೆ.

ನಾನು ಅನುಸರಿಸುವ ಕ್ರಮ ಇದು. ಖಾಲಿ ಕ್ರೂಟ್ (ಉಳಿದ ವ್ಯವಸ್ಥೆಯಿಂದ ಬೇರ್ಪಡಿಸಿದ ಪುಟ್ಟ ಡೆಬಿಯನ್) ಒಂದರಲ್ಲಿ ಭಾಷೆಯವರ ಬೀಜ ಬೈನರಿಯನ್ನು ಕೈಯಾರೆ ಇಟ್ಟು, ಅದರಿಂದ ಒಂದು ಪ್ಯಾಕೇಜ್ ಕಟ್ಟುತ್ತೇನೆ. ಆವೃತ್ತಿ 2.4.1+ಡಿಎಸ್-1~ಬೂಟ್1, ಇದರಲ್ಲಿ -1 ಡೆಬಿಯನ್ ಪ್ಯಾಕೇಜಿನ ಪರಿಷ್ಕರಣೆ ಸಂಖ್ಯೆ. ಡೆಬಿಯನ್ ಲೆಕ್ಕದಲ್ಲಿ ಅಲೆ ಚಿಹ್ನೆ ಇರುವ ಆವೃತ್ತಿ ಅದಿಲ್ಲದ್ದಕ್ಕಿಂತ ಕೆಳಗೆ ನಿಲ್ಲುತ್ತದೆ, ಹಾಗಾಗಿ ನಿಜವಾದ -1 ಬಂದಾಗ ಇದು ತಾನೇ ಬದಿಗೆ ಸರಿಯುತ್ತದೆ. ಎರಡನೇ ಹಂತದಲ್ಲಿ ಹೊಸ ಕ್ರೂಟ್‌ಗೆ ಈ ಪ್ಯಾಕೇಜ್ ಮಾತ್ರ ಹಾಕಿ, ಬೀಜವನ್ನು ದೂರ ಇಟ್ಟು -1 ಕಟ್ಟುತ್ತೇನೆ. ಮೂರನೇ ಹಂತದಲ್ಲಿ ಆ -1 ಬಳಸಿ ಅದೇ -1 ಅನ್ನು ಮತ್ತೊಮ್ಮೆ ಕಟ್ಟಿ, ಎರಡೂ ಫಲಿತಾಂಶಗಳನ್ನು ವ್ಯತ್ಯಾಸ ತೋರಿಸುವ ಡಿಫೋಸ್ಕೋಪ್‌ಗೆ ಕೊಡುತ್ತೇನೆ. ಎರಡರಲ್ಲೂ ಪ್ರತಿಯೊಂದು ಬಿಟ್ ಒಂದೇ ಆಗಿದ್ದರೆ ನಿಶ್ಚಿಂತೆ. ಸಿ ಕಂಪೈಲರ್ ಆದ ಜಿಸಿಸಿ ತನ್ನನ್ನು ಮೂರು ಸಲ ಕಟ್ಟಿಕೊಂಡು ಎರಡನೆಯದನ್ನೂ ಮೂರನೆಯದನ್ನೂ ಹೋಲಿಸುವುದು ಇದೇ ತತ್ವದಲ್ಲಿ. ಅಪ್‌ಲೋಡ್ ಆಗಬೇಕಾದ್ದು ಮೂರನೇ ಹಂತದ್ದು.

ಸಿ ಫೈಲುಗಳನ್ನು ಜೊತೆಗೇ ಕೊಡುವ ಭಾಷೆಯಾದರೆ ಅವನ್ನೇ ಕಂಪೈಲ್ ಮಾಡಿ ಕೈ ತೊಳೆದುಕೊಳ್ಳುವ ಆಸೆ ಹುಟ್ಟುತ್ತದೆ. ಮಾಡಬೇಡಿ. ಯಂತ್ರ ಹುಟ್ಟಿಸಿದ ಸಿ ಯನ್ನು ಯಾರೂ ತಿದ್ದುವುದಿಲ್ಲ, ತಿದ್ದುವುದು ಮೂಲ ಭಾಷೆಯ ಫೈಲನ್ನು. ಕೊಟ್ಟ ಸಿ ಯಿಂದ ಮೊದಲ ಕಂಪೈಲರ್ ಕಟ್ಟಿ, ಅದರಿಂದ ಮೂಲ ಫೈಲುಗಳನ್ನು ಮತ್ತೆ ಕಂಪೈಲ್ ಮಾಡಿ, ಆ ಎರಡನೆಯದನ್ನೇ ಪ್ಯಾಕೇಜಿಗೆ ಹಾಕಿ. ಇಲ್ಲದಿದ್ದರೆ ನೀವು ಮುಂದೊಂದು ದಿನ ಕಂಪೈಲರ್‌ಗೆ ಹಾಕುವ ತೇಪೆ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಬಿಲ್ಡ್ ಮಾತ್ರ ಯಶಸ್ವಿ ಎಂದೇ ತೋರಿಸುತ್ತದೆ.

ಬೇರೆ ಆರ್ಕಿಟೆಕ್ಚರುಗಳ, ಅಂದರೆ ಬೇರೆ ಬಗೆಯ ಪ್ರೊಸೆಸರುಗಳ, ಕಥೆ ಇನ್ನೂ ಇದೆ. ನೀವು ಎಎಂಡಿ64ಕ್ಕೆ ಬೀಜ ಬಿತ್ತಿದಿರಿ, ಆದರೆ ಆರ್ಮ್64ರ ಬಿಲ್ಡ್ ಯಂತ್ರ ಮಿಂಚು ಎಂಬ ಪ್ಯಾಕೇಜ್ ಇಲ್ಲ ಎಂದು ಸುಮ್ಮನೆ ಕಾಯುತ್ತ ಕೂರುತ್ತದೆ. ಇದಕ್ಕೆ ಬಿಲ್ಡ್ ಪ್ರೊಫೈಲ್ ಇದೆ. ಕಂಟ್ರೋಲ್ ಫೈಲಿನಲ್ಲಿ ಮಿಂಚಿನ ಅವಲಂಬನೆಯ ಪಕ್ಕ ಕೋನಾವರಣದೊಳಗೆ ಆಶ್ಚರ್ಯಸೂಚಕ ಹಾಕಿ ಸ್ಟೇಜ್1 ಎಂದು ಬರೆದರೆ, ಆ ಪ್ರೊಫೈಲ್‌ನಲ್ಲಿ ಕಟ್ಟುವಾಗ ಈ ಅವಲಂಬನೆ ಬೇಡ ಎಂದರ್ಥ. ರೂಲ್ಸ್ ಫೈಲಿನಲ್ಲಿ ಅದೇ ಪ್ರೊಫೈಲ್ ನೋಡಿ ಬೀಜದ ದಾರಿಗೆ ಅಥವಾ ಕ್ರಾಸ್ ಕಂಪೈಲ್ ದಾರಿಗೆ ತಿರುಗಿಸಿ. ‘ಮಿಂಚು ಅಥವಾ ಮಿಂಚು-ಬೀಜ’ ಎಂದು ಪರ್ಯಾಯ ಬರೆದು ಜಾಣತನ ತೋರಿಸಲು ಹೋಗಬೇಡಿ. ಹೊಸ ಅಪ್‌ಲೋಡುಗಳು ಬಂದು ಸೇರುವ ಅನ್‌ಸ್ಟೇಬಲ್ ಶಾಖೆಯ ಬಿಲ್ಡ್ ಯಂತ್ರಗಳು ಪರ್ಯಾಯಗಳಲ್ಲಿ ಮೊದಲನೆಯದನ್ನು ಮಾತ್ರ ನೋಡುತ್ತವೆ. ಪ್ರೊಫೈಲ್ ಕೆಲಸ ಮಾಡುತ್ತದೆಯೇ ಎಂದು ಪ್ರತಿ ಬಿಡುಗಡೆಗೂ ಒಮ್ಮೆ ಪರೀಕ್ಷಿಸಿ. ಹೊಸ ಆರ್ಕಿಟೆಕ್ಚರ್ ಬಂದಾಗ, 2025ರ ಡೆಬಿಯನ್ 13ರಲ್ಲಿ ರಿಸ್ಕ್-ವಿ ಅಧಿಕೃತವಾಗಿ ಸೇರಿದಂತೆ, ಅದನ್ನು ಕಟ್ಟುವವರಿಗೆ ನಿಮ್ಮ ಈ ದಾರಿಯೇ ಗತಿ.

ಇಷ್ಟೆಲ್ಲ ಏಕೆ, ಬೀಜ ಬೈನರಿಯನ್ನು ನಂಬಿಬಿಟ್ಟರೆ ಏನಾಯಿತು ಎನ್ನುವವರಿಗೆ ಯೂನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1984ರಲ್ಲೇ ಉತ್ತರ ಕೊಟ್ಟಿದ್ದಾರೆ. ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಅವರು ತೋರಿಸಿದ್ದು ಬೇಲಿಯೇ ಎದ್ದು ಹೊಲ ಮೇಯುವ ಬಗೆಯನ್ನು: ಕಂಪೈಲರ್ ಬೈನರಿಯಲ್ಲಿ ಬಚ್ಚಿಟ್ಟ ಕಳ್ಳಬಾಗಿಲು ಸೋರ್ಸಿನಲ್ಲಿ ಎಲ್ಲೂ ಕಾಣದೆಯೇ ಮುಂದಿನ ಪ್ರತಿ ಕಂಪೈಲರ್‌ಗೂ ದಾಟಿಕೊಂಡು ಹೋಗಬಲ್ಲದು. ಡೇವಿಡ್ ವೀಲರ್ 2009ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇದನ್ನು ಹಿಡಿಯುವ ಉಪಾಯ ವಿವರಿಸಿದರು. ಸಂಬಂಧವಿಲ್ಲದ ಇನ್ನೊಂದು ಕಂಪೈಲರ್‌ನಿಂದಲೂ ಅದೇ ಸೋರ್ಸನ್ನು ಕಟ್ಟಿ, ಅದರಿಂದ ಮತ್ತೊಮ್ಮೆ ಕಟ್ಟಿ ಹೋಲಿಸುವುದು. ಸಿ++ನಲ್ಲಿ ಬರೆದ ರಸ್ಟ್ ಕಂಪೈಲರ್ ಎಂರಸ್ಟ್‌ಸಿ ಇದೇ ಕಾರಣಕ್ಕೆ ರಸ್ಟ್‌ನವರಿಗೆ ಬೆಲೆಬಾಳುವ ವಸ್ತು. ಗಿಕ್ಸ್ ಎಂಬ ಇನ್ನೊಂದು ವಿತರಣೆಯವರು 2023ರಲ್ಲಿ 357 ಬೈಟುಗಳ ಬೀಜದಿಂದ ಶುರುಮಾಡಿ ಇಡೀ ವ್ಯವಸ್ಥೆ ಕಟ್ಟುವಷ್ಟು ದೂರ ಹೋದರು. ನಿಮ್ಮ ಭಾಷೆಗೆ ಎರಡನೇ ಕಂಪೈಲರ್ ಇದ್ದರೆ ಅದೃಷ್ಟ, ಒಂದು ವಾರಾಂತ್ಯ ಅದಕ್ಕೆ ಕೊಡಿ. ಇಲ್ಲದಿದ್ದರೆ ಬೀಜ ಎಲ್ಲಿಂದ ಬಂತು, ಅದರ ಚೆಕ್‌ಸಮ್ ಏನು ಎಂಬುದನ್ನಾದರೂ ರೀಡ್‌ಮಿ.ಸೋರ್ಸ್ ಫೈಲಿನಲ್ಲಿ ಬರೆದಿಡಿ.

ಡೆಬಿಯನ್ ಡೈರೆಕ್ಟರಿ

ಪ್ಯಾಕೇಜ್ ಕಟ್ಟುವ ಸೂಚನೆಗಳು ಕೂರುವ ಈ ಡೈರೆಕ್ಟರಿಯಲ್ಲಿ ಹೊಸತೇನಿಲ್ಲ. ಕಂಟ್ರೋಲ್, ಚೇಂಜ್‌ಲಾಗ್, ಕಾಪಿರೈಟ್, ರೂಲ್ಸ್, ವಾಚ್, ಸೋರ್ಸ್ ಫಾರ್ಮ್ಯಾಟ್ 3.0 ಕ್ವಿಲ್ಟ್. ಬಿಲ್ಡ್ ಹಂತಗಳನ್ನು ನಡೆಸುವ ಡೆಬ್‌ಹೆಲ್ಪರ್‌ಗಾಗಿ ಡೆಬ್‌ಹೆಲ್ಪರ್-ಕಂಪ್ಯಾಟ್ 13 ಎಂದು ಬರೆದರೆ ರೂಲ್ಸ್ ಫೈಲ್ ಮೂರು ಸಾಲಿಗೆ ಇಳಿಯುತ್ತದೆ. ಅದರ ಡಿಎಚ್ ಎಂಬ ಕಮಾಂಡ್ ಉಳಿದದ್ದನ್ನು ನೋಡಿಕೊಳ್ಳುತ್ತದೆ, ಬೇರೆ ರೀತಿ ಮಾಡಬೇಕಾದ ಹಂತವನ್ನು ಮಾತ್ರ ನೀವು ಓವರ್‌ರೈಡ್ ಮಾಡುತ್ತೀರಿ.

ತಲೆ ಓಡಿಸಬೇಕಾದ್ದು ಎಷ್ಟು ಪ್ಯಾಕೇಜ್ ಮಾಡಬೇಕು ಎಂಬಲ್ಲಿ. ಮಿಂಚಿಗೆ ನಾನಾದರೆ ನಾಲ್ಕು ಮಾಡುತ್ತೇನೆ. ಮಿಂಚು ಎಂಬುದರಲ್ಲಿ ಕಂಪೈಲರ್, ಇಂಟರ್‌ಪ್ರಿಟರ್ ಮತ್ತು ಇಡೀ ಸ್ಟ್ಯಾಂಡರ್ಡ್ ಲೈಬ್ರರಿ. ಲಿಬ್‌ಮಿಂಚು2 ಎಂಬುದರಲ್ಲಿ ಹಂಚಿಕೆಯ ರನ್‌ಟೈಮ್ ಲೈಬ್ರರಿ, ಮಿಂಚಿನಲ್ಲಿ ಬರೆದ ಪ್ರೋಗ್ರಾಂ ಓಡಿಸುವವರಿಗೆ ಕಂಪೈಲರ್ ಹೊರೆ ಬೇಡವೆಂದು. ಲಿಬ್‌ಮಿಂಚು-ಡೆವ್‌ನಲ್ಲಿ ಹೆಡರುಗಳು. ಮಿಂಚು-ಡಾಕ್‌ನಲ್ಲಿ ಕೈಪಿಡಿ. ಸ್ಟ್ಯಾಂಡರ್ಡ್ ಲೈಬ್ರರಿಯನ್ನು ಚೂರು ಮಾಡುವ ಆಸೆಯನ್ನು ಹತ್ತಿಕ್ಕಿ. ಪ್ರತಿ ಯೋಜನೆಗೆ ಬೇರೆ ಲೈಬ್ರರಿ ಜಾಗ ಮಾಡಿಕೊಡುವ ಪೈಥಾನ್‌ನ ವೆನ್ವ್ ಡೆಬಿಯನ್‌ನಲ್ಲಿ ಬೇರೆ ಪ್ಯಾಕೇಜಾಗಿ ಕೂತದ್ದರಿಂದ, ಪಾಠದ ಮೊದಲ ಸಾಲಿನಲ್ಲೇ ಮುಗ್ಗರಿಸಿದ ಹೊಸಬರು ಲೆಕ್ಕವಿಲ್ಲದಷ್ಟು. ಭಾಷೆಯ ಕೈಪಿಡಿ ‘ಇದು ಜೊತೆಗೇ ಬರುತ್ತದೆ’ ಎಂದರೆ ಅದು ಜೊತೆಗೇ ಬರಬೇಕು.

ರನ್‌ಟೈಮ್ ಲೈಬ್ರರಿ ಬೇರೆ ಮಾಡುವಾಗ ಸೋನೇಮ್ (ಹಂಚಿಕೆಯ ಲೈಬ್ರರಿಯೊಳಗೆ ಬರೆದ, ಆವೃತ್ತಿ ಸೇರಿದ ಹೆಸರು) ಇದೆಯೇ ನೋಡಿ. ಲುವಾದ ಮೂಲ ಮೇಕ್‌ಫೈಲ್ ಹಂಚಿಕೆಯ ಲೈಬ್ರರಿ ಕಟ್ಟುವುದೇ ಇಲ್ಲ, ಡೆಬಿಯನ್‌ನವರು ತೇಪೆ ಹಾಕಿ ಕಟ್ಟುತ್ತಾರೆ. ಅಂಥ ಸೋನೇಮ್ ನೀವೇ ಹುಟ್ಟಿಸಿದರೆ ಅದನ್ನು ಸಾಕುವ ಹೊಣೆಯೂ ನಿಮ್ಮದೇ.

ಯಾವುದು ಎಲ್ಲಿರಬೇಕು

ಆಮೇಲೆ ತಿದ್ದಲು ಅತಿ ಕಷ್ಟವಾದ ನಿರ್ಧಾರ ಇದು. ಮೂರು ಜಾಗ ಬೇಕು, ಮೂರಕ್ಕೂ ಮಾಲೀಕರು ಬೇರೆ.

ಡೆಬಿಯನ್‌ನ ಇನ್‌ಸ್ಟಾಲರ್ ಆದ ಆಪ್ಟ್ ಮೂಲಕ ಬರುವ ಲೈಬ್ರರಿಗಳು /ಯುಎಸ್‌ಆರ್ ಅಡಿಯಲ್ಲಿ ಕೂರುತ್ತವೆ. ಎಲ್ಲ ಆರ್ಕಿಟೆಕ್ಚರಿಗೂ ಒಂದೇ ಆಗಿರುವ ಫೈಲುಗಳು /ಯುಎಸ್‌ಆರ್/ಶೇರ್/ಮಿಂಚು ಒಳಗೆ. ಕಂಪೈಲ್ ಆದ, ಆರ್ಕಿಟೆಕ್ಚರಿಗೆ ಅಂಟಿದ ಫೈಲುಗಳು /ಯುಎಸ್‌ಆರ್/ಲಿಬ್ ಒಳಗೆ ಆರ್ಕಿಟೆಕ್ಚರಿನ ಹೆಸರಿನ ಡೈರೆಕ್ಟರಿ, ಅದರೊಳಗೆ ಮಿಂಚು, ಅದರೊಳಗೆ 2.4. ಯಂತ್ರದ ಆಡಳಿತಗಾರ ಭಾಷೆಯ ಸ್ವಂತ ಇನ್‌ಸ್ಟಾಲರ್‌ನಿಂದ ಹಾಕಿಕೊಳ್ಳುವುದು /ಯುಎಸ್‌ಆರ್/ಲೋಕಲ್ ಅಡಿಯಲ್ಲಿ. ಬಳಕೆದಾರ ತನ್ನಷ್ಟಕ್ಕೆ ಹಾಕಿಕೊಳ್ಳುವುದು ಹೋಮ್ ಡೈರೆಕ್ಟರಿಯಲ್ಲಿ. ಹುಡುಕುವಾಗ ಕ್ರಮ ಉಲ್ಟಾ: ಹೋಮ್, ಲೋಕಲ್, ಕೊನೆಗೆ /ಯುಎಸ್‌ಆರ್.

ಭಾಷೆಯ ಇನ್‌ಸ್ಟಾಲರ್ /ಯುಎಸ್‌ಆರ್/ಲಿಬ್‌ಗೆ ನೇರ ಬರೆಯುವಂತಿದ್ದರೆ ಅದನ್ನು ತೇಪೆ ಹಾಕಿ ತಡೆಯಿರಿ. ಆಪ್ಟ್ ಇಟ್ಟ ಫೈಲನ್ನು ಇನ್ನೊಂದು ಇನ್‌ಸ್ಟಾಲರ್ ತುಳಿದರೆ ಆ ವ್ಯವಸ್ಥೆಯನ್ನು ಸರಿಮಾಡಲು ಯಾರಿಂದಲೂ ಆಗದು. ಪೈಥಾನ್‌ನವರು ಈ ನೋವನ್ನು ವರ್ಷಗಟ್ಟಲೆ ಉಂಡು ಪೆಪ್ 668 ಎಂಬ ಪ್ರಸ್ತಾವ ಬರೆದರು. 2023ರಲ್ಲಿ ಬಂದ ಡೆಬಿಯನ್ 12ರಿಂದ ವ್ಯವಸ್ಥೆಯ ಪೈಥಾನ್‌ನಲ್ಲಿ ಅದರ ಇನ್‌ಸ್ಟಾಲರ್ ಆದ ಪಿಪ್ ಓಡಿಸಿದರೆ, ಇದು ಹೊರಗಿನವರ ನಿರ್ವಹಣೆಯಲ್ಲಿದೆ ಎಂದು ಹೇಳಿ ನಿಲ್ಲುತ್ತದೆ. ಹೊಸ ಭಾಷೆಗೆ ಮೊದಲ ದಿನವೇ ಈ ಬೇಲಿ ಹಾಕುವುದು ಸುಲಭ, ಐದು ವರ್ಷದ ನಂತರ ಹಾಕಿದರೆ ಬೈಗುಳ ಗ್ಯಾರಂಟಿ.

ಎರಡು ಆವೃತ್ತಿಗಳು ಒಟ್ಟಿಗೆ ಇರಬೇಕೇ? ಲುವಾ 5.1, 5.3, 5.4 ಪರಸ್ಪರ ಹೊಂದುವುದಿಲ್ಲ, ಅವುಗಳ ಮೇಲೆ ನಿಂತ ತಂತ್ರಾಂಶಗಳೂ ಒಟ್ಟಿಗೆ ಮುಂದೆ ಹೋಗುವುದಿಲ್ಲ. ಆದ್ದರಿಂದ ಪ್ಯಾಕೇಜ್ ಹೆಸರಿನಲ್ಲೇ ಆವೃತ್ತಿ ಇದೆ, ‘ಲುವಾ’ ಎಂಬ ಬರೀ ಕಮಾಂಡ್ ಯಾವ ಆವೃತ್ತಿಗೆ ಹೋಗಬೇಕು ಎಂಬುದನ್ನು ಆಲ್ಟರ್ನೇಟಿವ್ಸ್ ವ್ಯವಸ್ಥೆ ನೋಡಿಕೊಳ್ಳುತ್ತದೆ. ನಿಮ್ಮ ಭಾಷೆಯವರು ಹಿಂದಿನ ಕೋಡ್ ಮುರಿಯುವುದಿಲ್ಲ ಎಂದು ಮಾತು ಕೊಟ್ಟು ಅದರಂತೆ ನಡೆಯುತ್ತಿದ್ದರೆ ಈ ಗೋಜು ಬೇಡ, ಒಂದೇ ಆವೃತ್ತಿ ಸಾಕು. ಅನುಮಾನವಿದ್ದರೆ ಡೈರೆಕ್ಟರಿಯ ಹೆಸರಿನಲ್ಲಿ ಮಾತ್ರ 2.4 ಇಡಿ, ಪ್ಯಾಕೇಜಿನ ಹೆಸರಿನಲ್ಲಿ ಬೇಡ. ಮುಂದೆ ಬೇಕಾದರೆ ದಾರಿ ತೆರೆದಿರುತ್ತದೆ.

ಬಿಲ್ಡ್ ಆಗುವಾಗ ಕೆಡುವ ಸಂಗತಿಗಳು

ನಿಮ್ಮ ಯಂತ್ರದಲ್ಲಿ ಕಟ್ಟಿದ್ದನ್ನು ನಂಬಬೇಡಿ. ಎಸ್‌ಬಿಲ್ಡ್ ಬಳಸಿ ಖಾಲಿ ಕ್ರೂಟ್‌ನಲ್ಲಿ ಕಟ್ಟಿ. ಮೊದಲ ಏಟು ಹೋಮ್ ಡೈರೆಕ್ಟರಿಯಿಂದ ಬೀಳುತ್ತದೆ. ಕಂಪೈಲರುಗಳಿಗೆ ಹೋಮ್‌ನಲ್ಲಿ ಕ್ಯಾಶ್ ಬರೆಯುವ ಚಾಳಿ, ಬಿಲ್ಡ್ ಯಂತ್ರದಲ್ಲಿ ಹೋಮ್ ಇರುವುದೇ ಇಲ್ಲ. ಕಂಪ್ಯಾಟ್ 13ರಲ್ಲಿ ಡೆಬ್‌ಹೆಲ್ಪರ್ ತನ್ನ ಬಿಲ್ಡ್ ಹಂತಗಳಿಗೆ ತಾತ್ಕಾಲಿಕ ಹೋಮ್ ಕೊಡುತ್ತದೆ, ಆದರೂ ಕ್ಯಾಶ್ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ಕಣ್ಣಾರೆ ನೋಡಿ.

ಸ್ಟ್ರಿಪ್ ವಿಚಾರಕ್ಕೆ ಮರಳುವುದಾದರೆ, ನನ್ನ ಅವಸ್ಥೆ ಹೊಸದೇನಲ್ಲ. ಓಕ್ಯಾಮಲ್‌ನ ಕೈಪಿಡಿಯೇ ಕಸ್ಟಮ್ ವಿಧಾನದಲ್ಲಿ (ಬೈಟ್‌ಕೋಡನ್ನು ರನ್‌ಟೈಮಿಗೇ ಅಂಟಿಸಿ) ಕಟ್ಟಿದ ಪ್ರೋಗ್ರಾಮಿಗೆ ಸ್ಟ್ರಿಪ್ ತಾಗಿಸಬೇಡಿ ಎಂದು ಎಚ್ಚರಿಸುತ್ತದೆ. ಎಸ್‌ಬಿಸಿಎಲ್‌ನಲ್ಲಿ ಕೋರ್ ಸಮೇತ ಒಂದೇ ಫೈಲಾಗಿ ಉಳಿಸಿದ ಪ್ರೋಗ್ರಾಮುಗಳಿಗೂ ಇದೇ ಗತಿ. ಗೈಲ್ ಸ್ಕೀಮ್‌ನ ಕಂಪೈಲಾದ ಫೈಲುಗಳು ನೋಡಲು ಲಿನಕ್ಸ್ ಬೈನರಿಗಳ ಇಎಲ್‌ಎಫ್ ರೂಪದಲ್ಲಿರುತ್ತವೆ, ಆದರೆ ಸ್ಟ್ರಿಪ್ ಎಂದುಕೊಂಡ ಇಎಲ್‌ಎಫ್ ಅದಲ್ಲ. ತಕ್ಷಣದ ಮದ್ದು, ಡಿಎಚ್-ಸ್ಟ್ರಿಪ್ ಹಂತವನ್ನು ಓವರ್‌ರೈಡ್ ಮಾಡಿ ಆ ಫೈಲುಗಳನ್ನಷ್ಟೇ ಹೊರಗಿಡುವುದು. ಇಡೀ ಹಂತವನ್ನೇ ಕೈಬಿಟ್ಟರೆ ಸಿ ರನ್‌ಟೈಮಿನ ಡೀಬಗ್ ಪ್ಯಾಕೇಜೂ ಹೋಗುತ್ತದೆ. ಇದಕ್ಕಿಂತ ಒಳ್ಳೆಯ ಪರಿಹಾರ ರನ್‌ಟೈಮ್ ಬೈನರಿಯನ್ನೂ ಬೈಟ್‌ಕೋಡನ್ನೂ ಎರಡು ಫೈಲುಗಳಾಗಿ ಇಡುವುದು. ನಾನು ಕೊನೆಗೆ ಮಾಡಿದ್ದು ಅದನ್ನೇ.

ಇನ್ನೊಂದು ಸೂಕ್ಷ್ಮ ಗಂಟು ಸಮಯದ್ದು. ಮಿಂಚಿನ ರನ್‌ಟೈಮ್ ಪ್ರತಿ ಸಲ ಸೋರ್ಸ್ ಫೈಲಿನ ಸಮಯವನ್ನೂ ಕಂಪೈಲಾದ ಫೈಲಿನ ಸಮಯವನ್ನೂ ನೋಡಿ, ಕಂಪೈಲಾದದ್ದು ಹೊಸದಾಗಿದ್ದರೆ ಮಾತ್ರ ಬಳಸುತ್ತದೆ ಎಂದುಕೊಳ್ಳಿ. ಡೆಬಿಯನ್‌ನ ಪ್ಯಾಕೇಜ್ ಸಲಕರಣೆಯಾದ ಡಿಪಿಕೆಜಿ ಪ್ಯಾಕೇಜ್ ಕಟ್ಟುವಾಗ, ಚೇಂಜ್‌ಲಾಗ್‌ನ ದಿನಾಂಕಕ್ಕಿಂತ ಈಚಿನ ಸಮಯವಿರುವ ಎಲ್ಲ ಫೈಲುಗಳನ್ನೂ ಆ ದಿನಾಂಕಕ್ಕೆ ಎಳೆದು ಕಟ್ಟುತ್ತದೆ. ನೀವು ತೇಪೆ ಹಾಕಿದ ಸೋರ್ಸ್ ಫೈಲೂ ಅದರಿಂದ ಹುಟ್ಟಿದ ಕಂಪೈಲಾದ ಫೈಲೂ ಒಂದೇ ಕ್ಷಣದವು ಆಗಿಬಿಡುತ್ತವೆ. ‘ಹೊಸದು’ ಎಂಬ ಷರತ್ತು ಸುಳ್ಳಾಗಿ, ಪ್ರೋಗ್ರಾಂ ಶುರುವಾದಾಗಲೆಲ್ಲ ಲೈಬ್ರರಿಯ ಆ ಭಾಗ ಮತ್ತೆ ಕಂಪೈಲಾಗುತ್ತದೆ. ತೇಪೆ ಹಾಕದ ಫೈಲುಗಳಿಗೆ ಈ ತೊಂದರೆಯಿಲ್ಲ, ಹಾಗಾಗಿ ಕಾರಣ ಹುಡುಕುವುದು ಇನ್ನೂ ಕಷ್ಟ. ಹೋಲಿಕೆಯನ್ನು ‘ಹೊಸದು ಅಥವಾ ಸಮ’ ಎಂದು ತಿದ್ದಿ. ಅಥವಾ ಪೈಥಾನ್ 3.7ರಲ್ಲಿ ಬಂದಂತೆ ಸಮಯದ ಬದಲು ಫೈಲಿನ ಹ್ಯಾಶ್ (ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು) ನೋಡುವ ದಾರಿ ಭಾಷೆಯಲ್ಲಿದ್ದರೆ ಅದನ್ನು ಹಿಡಿಯಿರಿ.

ನಾಲ್ಕನೆಯದು, ಬಿಲ್ಡ್ ಫ್ಲ್ಯಾಗುಗಳ, ಅಂದರೆ ಕಂಪೈಲರ್‌ಗೆ ಕೊಡುವ ಆಯ್ಕೆಗಳ, ಸೋರಿಕೆ. ಭಾಷೆಗಳು ತಮ್ಮನ್ನು ಕಟ್ಟಿದ ಸಿ ಫ್ಲ್ಯಾಗುಗಳನ್ನು ನೆನಪಿಟ್ಟುಕೊಂಡು, ಮುಂದೆ ಯಾರಾದರೂ ಎಕ್ಸ್‌ಟೆನ್ಷನ್ ಕಟ್ಟುವಾಗ ಅವನ್ನೇ ಕೊಡುತ್ತವೆ. ಪರ್ಲ್‌ನ ಕಾನ್ಫಿಗ್, ಪೈಥಾನ್‌ನ ಸಿಸ್‌ಕಾನ್ಫಿಗ್ ಎರಡೂ ಹೀಗೆಯೇ. ಡಿಪಿಕೆಜಿ-ಬಿಲ್ಡ್‌ಫ್ಲ್ಯಾಗ್ಸ್ ಕೊಡುವ ಫ್ಲ್ಯಾಗುಗಳಲ್ಲಿ ನಿಮ್ಮ ಬಿಲ್ಡ್ ಡೈರೆಕ್ಟರಿಯ ಪೂರ್ತಿ ವಿಳಾಸವೂ ಇರುತ್ತದೆ. ಅದು ಪ್ಯಾಕೇಜಿನೊಳಗೆ ಉಳಿದರೆ, ಡೈರೆಕ್ಟರಿ ಬದಲಾದಂತೆ ಪ್ಯಾಕೇಜೂ ಬದಲಾಗಿ ಪುನರುತ್ಪಾದನೆ (ಅದೇ ಸೋರ್ಸಿನಿಂದ ಅದೇ ಬೈನರಿ ಬರುವುದು) ಕೆಡುತ್ತದೆ. ಇನ್‌ಸ್ಟಾಲ್ ಹಂತ ಮುಗಿದ ಮೇಲೆ ಆ ಫೈಲಿನಿಂದ ವಿಳಾಸವನ್ನು ಸೆಡ್‌ನಲ್ಲಿ ಅಳಿಸುವ ಒಂದು ಸಾಲು ಸೇರಿಸಿ. ಆಮೇಲೆ ಎರಡು ಸಲ ಕಟ್ಟಿ ಹೋಲಿಸುವ ರೀಪ್ರೋಟೆಸ್ಟ್ ಓಡಿಸಿದರೆ ಉಳಿದ ಸೋರಿಕೆಗಳು ತಾವಾಗಿ ಬಯಲಾಗುತ್ತವೆ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಹ್ಯಾಶ್ ಕೋಷ್ಟಕದ ಕ್ರಮದಲ್ಲೇ ಕೋಡ್ ಹೊರಬಿಡುವ ಕಂಪೈಲರ್.

ಪರೀಕ್ಷೆ

ಭಾಷೆಯ ಜೊತೆ ಬಂದ ಪರೀಕ್ಷೆಗಳನ್ನು ಬಿಲ್ಡ್ ಸಮಯದಲ್ಲೇ ಓಡಿಸಿ, ಪರೀಕ್ಷೆ ಬೇಡವೆಂದು ನೋಚೆಕ್ ಆಯ್ಕೆ ಕೊಟ್ಟವರಿಗೆ ಮಾತ್ರ ಬಿಡಿ. ಜಾಲ ಬೇಕಾದ ಪರೀಕ್ಷೆಗಳನ್ನು ಹೆಸರಿಟ್ಟು ತೆಗೆಯಿರಿ. ಐಬಿಎಂ ಮೇನ್‌ಫ್ರೇಮಿನ ಎಸ್390ಎಕ್ಸ್‌ನಲ್ಲಿ ಮಾತ್ರ ಏನಾದರೂ ಬಿದ್ದರೆ ಮೊದಲು ಬೈಟ್ ಕ್ರಮವನ್ನು ಅನುಮಾನಿಸಿ. ಅಲ್ಲಿ ಸಂಖ್ಯೆಯ ದೊಡ್ಡ ತುದಿಯ ಬೈಟು ಮೊದಲು. ಎಎಂಡಿ64ದಲ್ಲಿ ಹುಟ್ಟಿಸಿದ ಬೈಟ್‌ಕೋಡನ್ನು ‘ಎಲ್ಲ ಆರ್ಕಿಟೆಕ್ಚರಿಗೂ ಒಂದೇ’ ಎಂದು ತಿಳಿದು /ಯುಎಸ್‌ಆರ್/ಶೇರ್‌ಗೆ ಹಾಕಿದವರು ಸಿಕ್ಕಿಬೀಳುವುದು ಇಲ್ಲಿಯೇ. ಭಾಷೆ 64 ಬಿಟ್‌ನಲ್ಲಿ ಮಾತ್ರ ನಡೆಯುವಂಥದ್ದಾದರೆ ಆರ್ಕಿಟೆಕ್ಚರುಗಳ ಪಟ್ಟಿ ಕೈಯಲ್ಲಿ ಬರೆಯಬೇಡಿ, ಅದು ಬೇಗ ಹಳತಾಗುತ್ತದೆ. ‘ಆರ್ಕಿಟೆಕ್ಚರ್-ಈಸ್-64-ಬಿಟ್’ ಎಂಬ ಪ್ಯಾಕೇಜನ್ನು ಬಿಲ್ಡ್-ಡಿಪೆಂಡ್ಸ್‌ಗೆ ಸೇರಿಸಿ.

ಇನ್‌ಸ್ಟಾಲ್ ಆದ ಪ್ಯಾಕೇಜನ್ನು ಪರೀಕ್ಷಿಸುವ ಆಟೋಪಿಕೆಜಿಟೆಸ್ಟ್ ಭಾಷೆಗೆ ಎಲ್ಲಕ್ಕಿಂತ ಮುಖ್ಯ. ನನ್ನ ಮೊದಲ ಸಾಲಿನ ಕಥೆಯಲ್ಲಿ ಬಿಲ್ಡ್ ಸಮಯದ ಪರೀಕ್ಷೆಗಳೆಲ್ಲ ಪಾಸಾಗಿದ್ದವು, ಏಕೆಂದರೆ ಸ್ಟ್ರಿಪ್ ಬರುವುದು ಅವುಗಳ ನಂತರ. ನಾಲ್ಕು ಪುಟ್ಟ ಪರೀಕ್ಷೆಗಳು ಸಾಕು: ಎರಡು ಸಾಲಿನ ಪ್ರೋಗ್ರಾಂ ಓಡಬೇಕು; ಅದನ್ನೇ ಕಂಪೈಲ್ ಮಾಡಿ ಓಡಿಸಬೇಕು; ಸಿ ಎಕ್ಸ್‌ಟೆನ್ಷನ್ ಒಂದನ್ನು ಕಟ್ಟಿ ಲೋಡ್ ಮಾಡಬೇಕು; ಸ್ಥಳೀಯ ಡೈರೆಕ್ಟರಿಯಿಂದ ಒಂದು ಲೈಬ್ರರಿಯನ್ನು ಭಾಷೆಯ ಇನ್‌ಸ್ಟಾಲರ್‌ನಿಂದ ಹಾಕಿ, ಅದು /ಯುಎಸ್‌ಆರ್/ಲೋಕಲ್‌ನಲ್ಲೇ ಕೂತಿತೇ ನೋಡಬೇಕು. ದೋಷ ಸಂದೇಶಗಳ ಹೊರದಾರಿಯಾದ ಎಸ್‌ಟಿಡಿಎರ್‌ಗೆ ಒಂದಕ್ಷರ ಬಂದರೂ ಪರೀಕ್ಷೆ ಬಿದ್ದಂತೆ ಲೆಕ್ಕ ಎಂಬುದು ನೆನಪಿರಲಿ. ಕಂಪೈಲರ್‌ನ ಎಚ್ಚರಿಕೆಗಳು ಅಲ್ಲಿಗೆ ಹೋಗುತ್ತಿದ್ದರೆ ‘ಅಲೌ-ಎಸ್‌ಟಿಡಿಎರ್’ ಎಂಬ ನಿರ್ಬಂಧ ಸೇರಿಸಿ.

ಅಪ್‌ಲೋಡ್

ಡೆಬಿಯನ್ ಡೆವಲಪರ್ ಅಲ್ಲದವರು ಮೆಂಟರ್ಸ್ ತಾಣಕ್ಕೆ ಸಹಿ ಮಾಡಿದ ಪ್ಯಾಕೇಜ್ ಹಾಕಿ, ಸ್ಪಾನ್ಸರ್‌ಶಿಪ್-ರಿಕ್ವೆಸ್ಟ್ಸ್ ಹೆಸರಿನಲ್ಲಿ ಆರ್‌ಎಫ್‌ಎಸ್ ಬಗ್ ತೆರೆದು, ತಮ್ಮ ಪರವಾಗಿ ಅಪ್‌ಲೋಡ್ ಮಾಡುವ ಪ್ರಾಯೋಜಕರನ್ನು ಹುಡುಕಬೇಕು. ಬೂಟ್‌ಸ್ಟ್ರಾಪ್ ಹೇಗೆ ಮಾಡಿದಿರಿ ಎಂಬುದನ್ನು ಆ ಬಗ್‌ನಲ್ಲೇ ಬರೆಯಿರಿ. ನೋಡುವವರು ಮೊದಲು ಕೇಳುವುದು ಅದನ್ನೇ. ಪ್ಯಾಕೇಜ್ ಹೊಸಬರನ್ನು ಪರಿಶೀಲಿಸುವ ನ್ಯೂ ಸರದಿಗೆ ಹೋಗುತ್ತದೆ, ಅಲ್ಲಿನ ತಂಡ ಪರವಾನಗಿಗಳನ್ನು ಓದುತ್ತದೆ. ಈ ಮೊದಲ ಅಪ್‌ಲೋಡಿಗೆ ಬೈನರಿಗಳೂ ಬೇಕು, ಮೂರನೇ ಹಂತದ ಪ್ಯಾಕೇಜುಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಸ್ವೀಕಾರವಾದ ಮೇಲೆ ಸೋರ್ಸ್ ಮಾತ್ರವಿರುವ -2 ಅನ್ನು ಮತ್ತೊಮ್ಮೆ ಹಾಕಿ. ನಿಮ್ಮ ಕೈಯಲ್ಲಿ ಕಟ್ಟಿದ ಬೈನರಿಗಳು, ಮುಂದಿನ ಬಿಡುಗಡೆ ಸಿದ್ಧವಾಗುವ ಟೆಸ್ಟಿಂಗ್ ಶಾಖೆಗೆ ದಾಟುವುದಿಲ್ಲ.

ಹೊಸ ಆವೃತ್ತಿ ಬಂದಾಗ

ಭಾಷೆಯ 2.5 ಬಂತು, ಬೈಟ್‌ಕೋಡ್ ರೂಪ ಬದಲಾಯಿತು. 2.4ರಲ್ಲಿ ಕಟ್ಟಿದ ಪ್ರತಿ ಲೈಬ್ರರಿ ಪ್ಯಾಕೇಜೂ ಈಗ ಕೆಲಸಕ್ಕೆ ಬಾರದು, ಆದರೆ ಆಪ್ಟ್‌ಗೆ ಅದು ಗೊತ್ತಿಲ್ಲ. ಇದಕ್ಕೆ ಹಳೆಯ ಭಾಷೆಗಳು ಕಂಡುಕೊಂಡ ಉಪಾಯ ಒಂದು ವರ್ಚುವಲ್ ಪ್ಯಾಕೇಜ್, ಅಂದರೆ ಫೈಲಿಲ್ಲದ ಬರೀ ಹೆಸರು. ಪರ್ಲ್ ‘ಪರ್ಲ್‌ಎಪಿಐ’ ಎಂಬುದನ್ನು ಆವೃತ್ತಿ ಸಮೇತ ಒದಗಿಸುತ್ತದೆ, ಆರ್ ‘ಆರ್-ಎಪಿಐ-4.0’ ಎಂಬುದನ್ನು, ಪಿಎಚ್‌ಪಿ ದಿನಾಂಕ ಅಂಟಿಸಿದ ‘ಪಿಎಚ್‌ಪಿಎಪಿಐ’ ಎಂಬುದನ್ನು. ಹ್ಯಾಸ್ಕೆಲ್‌ನವರು ಇನ್ನೂ ಮುಂದೆ ಹೋಗಿ ಪ್ರತಿ ಲೈಬ್ರರಿಯ ಎಬಿಐ (ಕಂಪೈಲಾದ ಕೋಡುಗಳು ಪರಸ್ಪರ ಹೊಂದುವ ರೀತಿ) ಹ್ಯಾಶನ್ನೇ ಹೆಸರಿಗೆ ಸೇರಿಸುತ್ತಾರೆ. ಮಿಂಚು ಪ್ಯಾಕೇಜಿನ ಪ್ರೊವೈಡ್ಸ್ ಸಾಲಿನಲ್ಲಿ ‘ಮಿಂಚು-ಎಬಿಐ-2.4’ ಎಂದು ಮೊದಲ ಅಪ್‌ಲೋಡಿನಲ್ಲೇ ಬರೆಯಿರಿ. ಲೈಬ್ರರಿ ಪ್ಯಾಕೇಜ್ ಕಟ್ಟುವಾಗ ಆ ಅವಲಂಬನೆಯನ್ನು ತಾನಾಗಿ ಸೇರಿಸುವ ಪುಟ್ಟ ಡಿಎಚ್ ಸಹಾಯಕವನ್ನೂ ಬರೆದು ಕೊಡಿ. ಕೈಯಲ್ಲಿ ಬರೆಯಿರಿ ಎಂದು ಬಿಟ್ಟರೆ ಅರ್ಧ ಜನ ಮರೆಯುತ್ತಾರೆ.

ಈ ಏರ್ಪಾಡು ಇದ್ದರೆ 2.5ರ ದಿನ ನಡೆಯುವುದು ಇಷ್ಟು. ಮೊದಲು ಪ್ರಯೋಗದ ಶಾಖೆಯಾದ ಎಕ್ಸ್‌ಪೆರಿಮೆಂಟಲ್‌ಗೆ ಹಾಕಿ. ಮಿಂಚಿನ ಮೇಲೆ ಅವಲಂಬಿಸಿದ ಪ್ಯಾಕೇಜುಗಳನ್ನೆಲ್ಲ ರ‍್ಯಾಟ್ ಬಳಸಿ ನಿಮ್ಮಲ್ಲೇ ಮತ್ತೆ ಕಟ್ಟಿ ನೋಡಿ. ಬಿದ್ದವುಗಳಿಗೆ ಒಂದೊಂದು ಬಗ್ ಹಾಕಿ, ಸಾಧ್ಯವಾದರೆ ತೇಪೆಯನ್ನೂ ಲಗತ್ತಿಸಿ. ಆಮೇಲೆ ರಿಲೀಸ್ ತಂಡಕ್ಕೆ ಟ್ರಾನ್ಸಿಷನ್ ಬಗ್ ತೆರೆದು ಒಪ್ಪಿಗೆ ಕೇಳಿ. ಅವರು ಹೂಂ ಎಂದ ಮೇಲೆ ಅನ್‌ಸ್ಟೇಬಲ್‌ಗೆ ಅಪ್‌ಲೋಡ್ ಮಾಡಿ. ಉಳಿದವುಗಳ ಸೋರ್ಸ್ ಮುಟ್ಟದೆ ಬಿಲ್ಡ್ ಯಂತ್ರಗಳಲ್ಲಿ ಮತ್ತೆ ಕಟ್ಟಿಸುವ ಬಿನ್‌ಎನ್‌ಎಂಯು ವ್ಯವಸ್ಥೆಯನ್ನು ಅವರೇ ಮಾಡುತ್ತಾರೆ. ಅಪ್‌ಲೋಡಿಗೆ ಮುಂಚೆ ಒಂದನ್ನು ಮಾತ್ರ ಮತ್ತೆ ನೋಡಿಕೊಳ್ಳಿ: 2.5ನ್ನು ಕಟ್ಟಲು ಭಂಡಾರದಲ್ಲಿರುವ 2.4 ಸಾಕೇ, ಅಥವಾ ಭಾಷೆಯವರು ನಡುವೆ ಇನ್ನೊಂದು ಮೆಟ್ಟಿಲು ಇಟ್ಟಿದ್ದಾರೆಯೇ. ಇಟ್ಟಿದ್ದರೆ ಆ ನಡುವಿನ ಆವೃತ್ತಿಯನ್ನೂ ಒಮ್ಮೆ ಅಪ್‌ಲೋಡ್ ಮಾಡಿ, ಅದು ಎಲ್ಲ ಆರ್ಕಿಟೆಕ್ಚರುಗಳಲ್ಲೂ ಕಟ್ಟಿ ಮುಗಿಯುವವರೆಗೆ 2.5ನ್ನು ತಡೆಹಿಡಿಯಿರಿ.